ಮಳೆ ಬಿದ್ದ ಗಳಿಗೆ

ನಮ್ಮ ಬಯಲುಸೀಮೆಯ ರೈತನು ತಲೆತಲಾಂತರದಿಂದಲೂ ಮಳೆಯನ್ನು ನಕ್ಷತ್ರಗಳ ಹೆಸರಿನಿಂದಲೇ ಗುರುತಿಸುತ್ತ ಬಂದಿದ್ದಾನೆ. ಸೂರ್ಯನು ಅಶ್ವಿನಿ ಮೊದಲಾದ ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಹಾದುಹೋಗುವಾಗ ಒಂದೊಂದರಲ್ಲಿಯೂ ಹದಿಮೂರು ಹದಿನಾಲ್ಕು ದಿವಸಗಳನ್ನು ಕಳೆಯುವನಾದುದರಿಂದ, ಭರಣಿಯ ಮಳೆ, ಮೃಗಶಿರದ ಮಳೆ, ಹಸ್ತದ ಮಳೆ, ಸ್ವಾತಿಯ ಮಳೆ ಎಂದು ದೊಡ್ಡಬಳ್ಳಾಪುರದ ಸಂತೆಯಲ್ಲಿ ಯಾರಾದರೂ ನುಡಿದೊಡನೆಯೇ ಅದು ವರ್ಷದ ಯಾವ ಪಕ್ಷದ ಮಾತೆಂಬುದು ಕೇಳುವವನಿಗೆ ತಾನಾಗಿ ತಿಳಿಯುತ್ತದೆ. ರಾಗಿಯ ಬಿತ್ತನೆಗೂ, ನಡುನಡುವೆ ಅವರೆ ಸಾಲು ಹಾಕುವುದಕ್ಕೂ, ಕುಯಿಲಿಗೂ ಇಷ್ಟು ಕಾಲಜ್ಞಾನ ಸಾಲುತ್ತಿತ್ತು. ಆ ಲೆಕ್ಕ ಈಗಲೂ ಅಳಿದಿಲ್ಲ. ಆದರೆ ಅದರ ಪಕ್ಕದಲ್ಲಿಯೇ ಮತ್ತೊಂದು ಲೆಕ್ಕ ಹುಟ್ಟಿಕೊಂಡಿದೆ. ಅದರಲ್ಲಿ ಕಾಲದ ಘಟಕ ಹದಿನೈದು ನಿಮಿಷ. ಅದನ್ನಿಟ್ಟುಕೊಳ್ಳುವುದು ಪಂಚಾಯಿತಿ ಕಚೇರಿಯ ಅಂಗಳದಲ್ಲಿಯೋ ಶಾಲೆಯ ಬಯಲಿನಲ್ಲಿಯೋ ಕಂಬದ ಮೇಲೆ ನಿಂತಿರುವ ಒಂದು ಸಣ್ಣ ಪೆಟ್ಟಿಗೆ. ಮತ್ತು ಅಂಥ ಪೆಟ್ಟಿಗೆಗಳಲ್ಲಿ ಅನೇಕವು ಹೊತ್ತು ಎಷ್ಟೆಂದು ಕೇಳುವುದು ಮನುಷ್ಯನೇ ಮಾಡಿ ಆಕಾಶಕ್ಕೇರಿಸಿದ ಕೃತಕ ತಾರೆಗಳನ್ನು.

1988ರಲ್ಲಿ ಬರಗಾಲ ಪರಿವೀಕ್ಷಣಾ ಘಟಕವಾಗಿ ಆರಂಭವಾಗಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರನ್ನು ಪಡೆದ ಸಂಸ್ಥೆಯು ದೊಡ್ಡಬಳ್ಳಾಪುರದ ದಾರಿಯಲ್ಲಿರುವ ಯಲಹಂಕದಲ್ಲಿದೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಾದ್ಯಂತ ಅದು ಸ್ಥಾಪಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ಸೌರಫಲಕದ ಬಲದಿಂದ ನಡೆಯುತ್ತ, ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ತಮ್ಮ ವರದಿಯನ್ನು ಒಪ್ಪಿಸುತ್ತವೆ. ಭಾರತ ಹವಾಮಾನ ಇಲಾಖೆಯ ಸ್ವಯಂಚಾಲಿತ ಕೇಂದ್ರಗಳಾದರೋ ಮೊಬೈಲ್ ಗೋಪುರವನ್ನು ನೆಚ್ಚದೆ ಇನ್ಸಾಟ್ ಉಪಗ್ರಹಕ್ಕೇ ನೇರವಾಗಿ ಸಂದೇಶ ಕಳುಹಿಸುವಂತೆ ರೂಪುಗೊಂಡವು. ಇವೆರಡರಲ್ಲಿಯೂ ಅಳತೆಯನ್ನು ಬರೆದಿಟ್ಟುಕೊಳ್ಳುವ ಭಾಗಕ್ಕೆ ಡೇಟಾ ಲಾಗರ್ ಎಂದು ಹೆಸರು. ಮಳೆಮಾಪಕದ ಒಳಗಿನ ಪುಟ್ಟ ತೊಟ್ಟಿ 0.2 ಅಥವಾ 0.5 ಮಿಲಿಮೀಟರಿನಷ್ಟು ಮಳೆ ತುಂಬಿದಾಗ ಒಮ್ಮೆ ಮಗುಚಿ, ಒಂದು ವಿದ್ಯುತ್ ಸ್ಪಂದನವನ್ನು ಕಳುಹಿಸುತ್ತದೆ. ಲಾಗರ್ ಅದನ್ನು ಎಣಿಸಿ, ಎಣಿಕೆಯ ಪಕ್ಕದಲ್ಲಿ ಹೊತ್ತನ್ನು ಬರೆಯುತ್ತದೆ. ತೊಟ್ಟಿಯ ಎಣಿಕೆ ಸರಿಯೇ ಎಂದು ಪರೀಕ್ಷಿಸುವವರು ಬಹಳ ಮಂದಿ ಇದ್ದಾರೆ. ಹೊತ್ತು ಸರಿಯೇ ಎಂದು ಪರೀಕ್ಷಿಸುವವರು ವಿರಳ. ಈ ಅಧ್ಯಾಯವನ್ನು ನಾನು ಬರೆಯುತ್ತಿರುವುದು ಆ ಎರಡನೆಯ ಪರೀಕ್ಷೆಗಾಗಿ.

ಹೊತ್ತು ಕೆಟ್ಟರೆ ಏನು ಕೆಡುತ್ತದೆ ಎಂಬುದನ್ನು ಮೊದಲು ನೋಡಬೇಕು. ನಲವತ್ತು ಮಿಲಿಮೀಟರ್ ಮಳೆ ಹಗಲಿರುಳೂ ಜಿನುಗಿ ಬಿದ್ದರೆ ಹೊಲ ಅದನ್ನು ಕುಡಿಯುತ್ತದೆ. ಅಷ್ಟೇ ಮಳೆ ಒಂದು ಗಂಟೆಯಲ್ಲಿ ಸುರಿದರೆ ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳಕ್ಕಿಳಿಯುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರವನ್ನು ಹಾದು ಹೆಸರಘಟ್ಟದತ್ತ ಇಳಿಯುವ ಅರ್ಕಾವತಿಯ ಕಣಿವೆಯಲ್ಲಿ ಯಾವ ಕೆರೆಗೆ ಎಷ್ಟು ಹೊತ್ತಿಗೆ ನೀರು ಬಂದೀತೆಂದು ಲೆಕ್ಕ ಹಾಕಬೇಕಾದರೆ, ಮೇಲಣ ಊರಿನಲ್ಲಿ ಮಳೆ ಬಿದ್ದ ಹೊತ್ತಿಗೂ ಕೆಳಗಣ ಊರಿನಲ್ಲಿ ಬಿದ್ದ ಹೊತ್ತಿಗೂ ಇರುವ ಅಂತರವೇ ಆ ಲೆಕ್ಕದ ಜೀವ. ಹವಾಮಾನವನ್ನಾಧರಿಸಿದ ಬೆಳೆವಿಮೆಯಲ್ಲಿ ಪರಿಹಾರದ ನಿರ್ಣಯವು ದಿನವಹಿ ಮಳೆಯ ಮೇಲೆ ನಿಂತಿದೆ. ಈ ದಿನವೆಂಬುದು ನಡುರಾತ್ರಿಯಿಂದ ನಡುರಾತ್ರಿಯವರೆಗಿನದಲ್ಲ. ನಮ್ಮ ದೇಶದಲ್ಲಿ ಮಳೆಯ ದಿನವು ಬೆಳಿಗ್ಗೆ ಎಂಟೂವರೆಗೆ ಆರಂಭವಾಗಿ ಮರುದಿನ ಎಂಟೂವರೆಗೆ ಮುಗಿಯುತ್ತದೆ. ಏಕೆ ಎಂಟೂವರೆ ಎಂದರೆ, ಜಗತ್ತಿನ ವೀಕ್ಷಣಾಲಯಗಳೆಲ್ಲ ಒಪ್ಪಿ ನಡೆಸುವ ಸಮನ್ವಿತ ವಿಶ್ವಕಾಲದಲ್ಲಿ ಅದು ಸರಿಯಾಗಿ ಮೂರು ಗಂಟೆ.

ಇಲ್ಲಿ ಒಂದೇ ತಾಲ್ಲೂಕಿನಲ್ಲಿ ಎಷ್ಟು ಕಾಲಗಳು ಬಳಕೆಯಲ್ಲಿವೆಯೆಂಬುದನ್ನು ಗಮನಿಸುವುದು ಸ್ವಾರಸ್ಯಕರವಾಗಿದೆ. ಭಾರತೀಯ ಕಾಲಮಾನವು 1906ರ ಜನವರಿ 1ರಿಂದ ಬಳಕೆಗೆ ಬಂದದ್ದು, ಅದು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲ. ದೊಡ್ಡಬಳ್ಳಾಪುರವು ಆ ರೇಖೆಗೆ ಸುಮಾರು ಐದು ಡಿಗ್ರಿ ಪಶ್ಚಿಮದಲ್ಲಿರುವುದರಿಂದ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯನು ಅಲ್ಲಿಯ ನೆತ್ತಿಯ ರೇಖೆಯನ್ನು ದಾಟುವ ವೇಳೆಗೆ ಗಡಿಯಾರದಲ್ಲಿ ಸರಾಸರಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷವಾಗಿರುತ್ತದೆ. ಫೆಬ್ರುವರಿಯ ನಡುವಿನಲ್ಲಿ ಇದು ಹನ್ನೆರಡೂವರೆಯನ್ನೂ ಮೀರುತ್ತದೆ, ನವೆಂಬರಿನ ಮೊದಲಲ್ಲಿ ಹನ್ನೆರಡು ಗಂಟೆಯ ಸಮೀಪಕ್ಕೆ ಸರಿಯುತ್ತದೆ. ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ಗಳಿಗೆಯೆಂಬ ಹಳೆಯ ಎಣಿಕೆಯಲ್ಲಿ ಹೇಳುವುದಾದರೆ, ಸೂರ್ಯನ ಹೊತ್ತಿಗೂ ಗೋಡೆ ಗಡಿಯಾರದ ಹೊತ್ತಿಗೂ ಇಲ್ಲಿ ಹತ್ತಿರ ಹತ್ತಿರ ಒಂದು ಗಳಿಗೆಯ ವ್ಯತ್ಯಾಸ. ಇದರ ಮೇಲೆ, ದೇವನಹಳ್ಳಿಯ ವಿಮಾನ ನಿಲ್ದಾಣದ ಹವಾಮಾನ ವರದಿಯು ಅರ್ಧ ಗಂಟೆಗೊಮ್ಮೆ ಹೊರಡುವಾಗ ಅದರಲ್ಲಿ ನಮೂದಾಗುವುದು ವಿಶ್ವಕಾಲ ಮಾತ್ರ. ಸಂಜೆ ಏಳು ಗಂಟೆಗೆ ನಿಲ್ದಾಣದ ಮೇಲೂ ಪಕ್ಕದ ದ್ರಾಕ್ಷಿ ತೋಟದ ಮೇಲೂ ಬಿದ್ದ ಒಂದೇ ಗುಡುಗುಮಳೆ ವಿಮಾನದ ಚಾಲಕನ ಕಾಗದದಲ್ಲಿ 13:30 ಎಂದೂ, ತಾಲ್ಲೂಕು ಕಚೇರಿಯ ಕಾಗದದಲ್ಲಿ 19:00 ಎಂದೂ ದಾಖಲಾಗುತ್ತದೆ. ಎರಡೂ ಸತ್ಯವೇ. ಯಾವ ಕಾಗದ ಯಾವ ಕಾಲವನ್ನು ಹೇಳುತ್ತಿದೆಯೆಂಬುದು ತಿಳಿಯದೆ ಹೋದಾಗ ಮಾತ್ರ ಎರಡೂ ಸುಳ್ಳಾಗುತ್ತವೆ.

ಲಾಗರನ್ನು ವಿಶ್ವಕಾಲಕ್ಕೆ ಹೊಂದಿಸಿ, ಅದರ ದಾಖಲೆಯನ್ನು ಓದುವವನು ಭಾರತೀಯ ಕಾಲಮಾನವೆಂದು ಭಾವಿಸಿದನೆಂದು ಇಟ್ಟುಕೊಳ್ಳೋಣ. ಐದೂವರೆ ಗಂಟೆಯಷ್ಟು ದೊಡ್ಡ ತಪ್ಪು ಒಡನೆಯೇ ಕಣ್ಣಿಗೆ ಬೀಳುವುದೆಂದು ಯಾರಿಗಾದರೂ ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬಿದ್ದ ಮಳೆ ಮೂರೂವರೆ ಎಂದು ನಮೂದಾಗಿ, ಬುಧವಾರದ ಲೆಕ್ಕಕ್ಕೆ ಸೇರಬೇಕಾದದ್ದು ಮಂಗಳವಾರದ ಲೆಕ್ಕಕ್ಕೆ ಹೋಗುತ್ತದೆ. ಎಂಟೂವರೆಯಿಂದ ಮಧ್ಯಾಹ್ನ ಎರಡು ಗಂಟೆಯವರೆಗೆ ಬಿದ್ದ ಮಳೆಗೆಲ್ಲ ಇದೇ ಗತಿ. ಆದರೆ ಎರಡು ಗಂಟೆಯ ಅನಂತರ ಬಿದ್ದ ಮಳೆ ಎಷ್ಟೇ ಹಿಂದಕ್ಕೆ ಸರಿದರೂ ಅದೇ ದಿನದ ಗಡಿಯೊಳಗೇ ಉಳಿಯುವುದರಿಂದ ದಿನದ ಮೊತ್ತದಲ್ಲಿ ಯಾವ ವ್ಯತ್ಯಾಸವೂ ಕಾಣದು. ಬೆಂಗಳೂರು ಗ್ರಾಮಾಂತರದ ಏಪ್ರಿಲ್-ಮೇ ತಿಂಗಳ ಗುಡುಗುಮಳೆಯೂ ಸೆಪ್ಟೆಂಬರ್-ಅಕ್ಟೋಬರಿನ ಮಳೆಯೂ ಹೆಚ್ಚಾಗಿ ಸಂಜೆಯಿಂದ ರಾತ್ರಿಯವರೆಗೆ ಬೀಳುವಂಥವು. ಆದಕಾರಣ ಇಂಥ ತಪ್ಪು ನಮ್ಮ ಸೀಮೆಯಲ್ಲಿ ತಿಂಗಳುಗಟ್ಟಲೆ ಅಡಗಿದ್ದು, ಎಂದೋ ಒಂದು ದಿನ ಪೂರ್ವಾಹ್ನದ ಮಳೆ ಬಂದಾಗ ನೆರೆಯ ಪಂಚಾಯಿತಿಯ ಅಂಕಿಯೊಡನೆ ಹೊಂದದೆ ಹೊರಬೀಳುತ್ತದೆ. ಅಷ್ಟರೊಳಗೆ ಗಂಟೆಗಂಟೆಯ ದಾಖಲೆಗಳೆಲ್ಲ ಕೆಟ್ಟಿರುತ್ತವೆ.

ಇದಕ್ಕಿಂತಲೂ ಮೂಲಭೂತವಾದ ಪ್ರಶ್ನೆಯೊಂದುಂಟು. ಹೊತ್ತನ್ನು ಎಲ್ಲಿ ಬರೆಯಬೇಕು? ಅಳತೆ ನಡೆದಲ್ಲಿಯೋ, ಅಳತೆಯ ಸುದ್ದಿ ತಲುಪಿದಲ್ಲಿಯೋ? ಇದಕ್ಕೆ ನಿದರ್ಶನವಾಗಿ ಇದೇ ಜಿಲ್ಲೆಯ ಹೊಸಕೋಟೆಯನ್ನು ತೆಗೆದುಕೊಳ್ಳಬಹುದು. ಅಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಎಂಬ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ ಎರಡು ಮೀಟರ್ ವ್ಯಾಸದ ಹಿಮಾಲಯ ಚಂದ್ರ ದೂರದರ್ಶಕವು ನಿಂತಿದೆ. 2001ರಿಂದ ಅದನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕುಳಿತ ಖಗೋಳಜ್ಞರು ನಡೆಸುತ್ತ ಬಂದಿದ್ದಾರೆ. ಉಸಿರಾಡಲು ಗಾಳಿ ಸಾಲದ ಆ ಶೀತಮರುಭೂಮಿಯ ಆಕಾಶವನ್ನು ರಾಗಿ ಹೊಲಗಳ ನಡುವಿನ ಈ ಪಟ್ಟಣದಿಂದ ನೋಡಲು ಸಾಧ್ಯವಾದದ್ದು ನಮ್ಮ ನಾಡು ಹೆಮ್ಮೆಪಡಬೇಕಾದ ಸಂಗತಿ. ನಮ್ಮ ಮಕ್ಕಳಿಗೆ ಇದು ತಿಳಿದಿರಬೇಕು. ಭೂಸ್ಥಿರ ಉಪಗ್ರಹವು ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಹಾನ್ಲೆಯಿಂದ ಹೊರಟ ಸಂಕೇತ ಮೇಲೇರಿ ಹೊಸಕೋಟೆಗಿಳಿಯಲು ಬೆಳಕಿನ ವೇಗದಲ್ಲಿಯೇ ಸುಮಾರು ಕಾಲು ಸೆಕೆಂಡು ಬೇಕು. ನಡುವಣ ಯಂತ್ರಗಳಲ್ಲಿ ಕಾದು ನಿಲ್ಲುವ ವಿಳಂಬ ಬೇರೆ, ಮತ್ತು ಅದು ದಿನಕ್ಕೊಂದು ಬಗೆಯಾಗಿರುತ್ತದೆ. ಭೂಮಿಯ ಭ್ರಮಣದಿಂದ ಆಕಾಶವು ಒಂದು ಸೆಕೆಂಡಿಗೆ ಹದಿನೈದು ವಿಕಲೆಗಳಷ್ಟು ಸರಿಯುತ್ತದೆ. ಹಾಗಿರುವಲ್ಲಿ ಹೊಸಕೋಟೆಯ ಗಡಿಯಾರವನ್ನು ನೋಡಿ ಹಾನ್ಲೆಯ ದೂರದರ್ಶಕವನ್ನು ತಿರುಗಿಸಲಾಗದು. ಕಾಲವನ್ನು ಹಾನ್ಲೆಯಲ್ಲಿಯೇ ತಿಳಿಯಬೇಕು, ಚಿತ್ರದ ಮೇಲೆ ಅಲ್ಲಿಯೇ ಬರೆಯಬೇಕು. ಸುದ್ದಿ ತಡವಾಗಿ ಬಂದರೂ ಬಾಧಕವಿಲ್ಲ, ತನ್ನ ಹೊತ್ತನ್ನು ತಾನೇ ಹೊತ್ತು ತಂದಿದ್ದರೆ ಸಾಕು. ಮಳೆಮಾಪಕಕ್ಕೂ ಇದೇ ನಿಯಮ. ಸಿಡಿಲಿನ ರಾತ್ರಿ ಜಾಲ ಕಡಿದುಹೋಗಿ ಮರುದಿನ ಮಧ್ಯಾಹ್ನ ತಲುಪಿದ ದಾಖಲೆಯಲ್ಲಿಯೂ ಮಳೆ ಬಿದ್ದ ಗಳಿಗೆ ಯಥಾವತ್ತಾಗಿ ಇರಬೇಕು.

ಹಾಗಾದರೆ ಆ ಪೆಟ್ಟಿಗೆಯೊಳಗೆ ಒಳ್ಳೆಯ ಗಡಿಯಾರವೊಂದನ್ನಿಟ್ಟರೆ ಸಾಲದೆ? ಲಾಗರುಗಳಲ್ಲಿ ಸಾಮಾನ್ಯವಾಗಿ ಇರುವುದು ನಮ್ಮ ಕೈಗಡಿಯಾರಗಳಲ್ಲಿರುವಂಥದೇ ಸ್ಫಟಿಕ. ಸೆಕೆಂಡಿಗೆ 32,768 ಬಾರಿ, ಅಂದರೆ ಎರಡನ್ನು ಹದಿನೈದು ಬಾರಿ ಗುಣಿಸಿದಷ್ಟು, ಕಂಪಿಸುವ ಕವೆಯಾಕಾರದ ಕ್ವಾರ್ಟ್ಸ್ ತುಣುಕು. ಇದರಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪು ಸಹಜ. ಅದು ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷವನ್ನು ಮೀರುತ್ತದೆ. ಉಷ್ಣತೆ ಇಪ್ಪತ್ತೈದು ಡಿಗ್ರಿಯಿಂದ ಯಾವ ಕಡೆಗೆ ಸರಿದರೂ ಈ ಸ್ಫಟಿಕ ನಿಧಾನವಾಗುತ್ತದೆ, ಅದೂ ಸರಿದ ಅಂತರದ ವರ್ಗಕ್ಕನುಗುಣವಾಗಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿಗೊಡ್ಡಿದ ಲೋಹದ ಪೆಟ್ಟಿಗೆಯೊಳಗೆ ಅರವತ್ತು ಡಿಗ್ರಿಯಾಯಿತೆಂದರೆ, ಆ ಶಾಖವೊಂದರಿಂದಲೇ ಹತ್ತು ಲಕ್ಷಕ್ಕೆ ನಲವತ್ತಮೂರರಷ್ಟು, ಅಂದರೆ ದಿನಕ್ಕೆ 3.7 ಸೆಕೆಂಡಿನ ದರದಲ್ಲಿ, ಗಡಿಯಾರ ಹಿಂದೆ ಬೀಳುತ್ತದೆ. ಪ್ರತಿ ಬೇಸಗೆಯಲ್ಲೂ ಹೀಗೆ ಹಿಂದೆ ಬೀಳುವ ಗಡಿಯಾರವನ್ನು ಹೊರಗಿನಿಂದ ಯಾರಾದರೂ ತಿದ್ದುತ್ತಿರಲೇಬೇಕು.

ಹಿಂದಿನ ಕಾಲದಲ್ಲಿ ಈ ತಿದ್ದುವಿಕೆ ರೇಡಿಯೊ ಮೂಲಕ ನಡೆಯುತ್ತಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಎಟಿಎ ಎಂಬ ಕರೆಸಂಕೇತದಿಂದ ಹ್ರಸ್ವತರಂಗದಲ್ಲಿ ಕಾಲಸೂಚನೆಯನ್ನು ಬಿತ್ತರಿಸುತ್ತಿತ್ತು. ಆ ತರಂಗ ನಮ್ಮ ಸೀಮೆಯನ್ನು ತಲುಪಲು ಸುಮಾರು ಆರು ಮಿಲಿಸೆಕೆಂಡು ಸಾಕು. ಆದರೆ ಹ್ರಸ್ವತರಂಗ ಒಂದು ದಿನ ಸ್ಪಷ್ಟವಾಗಿ ಕೇಳಿದರೆ ಇನ್ನೊಂದು ದಿನ ಕರಗಿಹೋಗುತ್ತದೆ, ಮತ್ತು ಅದನ್ನು ಕೇಳಲು ಮನುಷ್ಯನೊಬ್ಬ ಕುಳಿತಿರಬೇಕು.

ಈಗ ಆ ಕಾರ್ಯವನ್ನು ಮಾಡುತ್ತಿರುವುದು ಜಿಪಿಎಸ್. ದಾರಿ ತೋರುವ ಯಂತ್ರವೆಂದೇ ಜನ ಅದನ್ನು ಬಲ್ಲರು. ಆದರೆ ಮೂಲತಃ ಅದು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಮೂವತ್ತರಷ್ಟು ಪರಮಾಣು ಗಡಿಯಾರಗಳ ಸಮೂಹ. ಒಂದೊಂದು ಉಪಗ್ರಹವೂ ತಾನಿರುವ ಸ್ಥಾನವನ್ನೂ ತನ್ನ ಗಡಿಯಾರದ ಹೊತ್ತನ್ನೂ ಎಡೆಬಿಡದೆ ಸಾರುತ್ತಿರುತ್ತದೆ; ಕೇಳುವ ಗ್ರಾಹಿಯು ಸಂಕೇತ ತಲುಪಿದ ವಿಳಂಬದಿಂದ ದೂರವನ್ನು ಕಂಡುಕೊಳ್ಳುತ್ತದೆ. ಬೆಳಕು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಮೂವತ್ತು ಸೆಂಟಿಮೀಟರ್ ಸಾಗುವುದರಿಂದ, ದೂರವನ್ನು ಮೀಟರಿನವರೆಗೆ ಬಲ್ಲ ವ್ಯವಸ್ಥೆ ಕಾಲವನ್ನು ಎಷ್ಟು ಸೂಕ್ಷ್ಮವಾಗಿ ಬಲ್ಲದೆಂಬುದನ್ನು ಓದುಗರೇ ಊಹಿಸಬಹುದು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವು ಇಲ್ಲಿ ನಿತ್ಯದ ಲೆಕ್ಕದೊಳಗೇ ಸೇರಿದೆ. ಭೂಮಿಯ ಸೆಳೆತ ಕಡಮೆಯಿರುವ ಎತ್ತರದಲ್ಲಿ ಗಡಿಯಾರವು ದಿನಕ್ಕೆ 45 ಮೈಕ್ರೊಸೆಕೆಂಡಿನಷ್ಟು ಮುಂದೋಡುತ್ತದೆ, ಸೆಕೆಂಡಿಗೆ 3.9 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವುದರಿಂದ 7 ಮೈಕ್ರೊಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಉಳಿದ 38 ಮೈಕ್ರೊಸೆಕೆಂಡನ್ನು ಲೆಕ್ಕಿಸದೆ ಬಿಟ್ಟರೆ ದೂರದಲ್ಲಿ ದಿನಕ್ಕೆ ಹನ್ನೊಂದು ಕಿಲೋಮೀಟರಿನಷ್ಟು ದೋಷ ಬೆಳೆಯುತ್ತದೆ. ಆದುದರಿಂದಲೇ ಉಪಗ್ರಹದ ಗಡಿಯಾರವನ್ನು ಉಡಾವಣೆಗೆ ಮುಂಚೆಯೇ 10.23 ಮೆಗಾಹರ್ಟ್ಸಿಗೆ ಬದಲಾಗಿ 10.22999999543 ಮೆಗಾಹರ್ಟ್ಸಿಗೆ ಹೊಂದಿಸಿರುತ್ತಾರೆ.

ಗ್ರಾಹಿಗೆ ತಿಳಿಯದಿರುವ ಅಂಶಗಳು ನಾಲ್ಕು: ತಾನಿರುವ ಸ್ಥಾನದ ಮೂರು ಅಳತೆಗಳು ಮತ್ತು ತನ್ನ ಗಡಿಯಾರದ ತಪ್ಪು. ಆದಕಾರಣ ಅದಕ್ಕೆ ನಾಲ್ಕು ಉಪಗ್ರಹಗಳು ಕಾಣಬೇಕು. ಆದರೆ ಮಳೆಮಾಪಕ ನಡೆಯುವ ವಸ್ತುವಲ್ಲ. ಒಮ್ಮೆ ಅದರ ಸ್ಥಾನವನ್ನು ಖಚಿತಪಡಿಸಿ ಲಾಗರಿಗೆ ತಿಳಿಸಿಬಿಟ್ಟರೆ, ಆಮೇಲೆ ಉಳಿಯುವ ಅಜ್ಞಾತ ಒಂದೇ. ಒಂದೇ ಒಂದು ಉಪಗ್ರಹ ಕಂಡರೂ ಹೊತ್ತು ದೊರೆಯುತ್ತದೆ. ಸ್ಥಿರಸ್ಥಾನವೆಂಬ ಈ ಹೊಂದಿಕೆ ಅನೇಕ ಕಾಲಗ್ರಾಹಿಗಳಲ್ಲಿ ಇದ್ದೇ ಇರುತ್ತದೆ. ನೀಲಗಿರಿ ತೋಪಿನ ನಡುವೆಯೋ ಹುಣಸೆಮರದ ಮಗ್ಗುಲಲ್ಲಿಯೋ ನಿಲ್ಲಿಸಿದ ಕೇಂದ್ರಕ್ಕೆ ಇದರಿಂದ ದೊಡ್ಡ ಉಪಕಾರ. ನೆಲವನ್ನು ಮುಟ್ಟುವ ಹೊತ್ತಿಗೆ ಜಿಪಿಎಸ್ ಸಂಕೇತದ ಬಲ ಒಂದು ವ್ಯಾಟಿನ ನೂರು ಕೋಟಿ ಕೋಟಿ ಭಾಗಗಳಲ್ಲಿ ಒಂದರಷ್ಟು ಮಾತ್ರ. ಒದ್ದೆಯಾದ ಎಲೆಗಳು ಅದನ್ನು ಹೀರುತ್ತವೆ, ತಗಡಿನ ಛಾವಣಿ ಅದನ್ನು ತಡೆದೇಬಿಡುತ್ತದೆ. ಆಂಟೆನಾವನ್ನು ತೆರೆದ ಆಕಾಶದತ್ತ ನಿಲ್ಲಿಸುವುದಕ್ಕೆ ಬದಲಾಗಿ ಯಾವ ಉಪಾಯವೂ ಇಲ್ಲ.

ಈ ಸಂಕೇತದೊಳಗಿನ ಸಂದೇಶ ಸೆಕೆಂಡಿಗೆ ಐವತ್ತು ಬಿಟ್‌ಗಳಂತೆ ಅತಿ ಮಂದಗತಿಯಲ್ಲಿ ಬರುತ್ತದೆ. ವಾರದೊಳಗಿನ ಹೊತ್ತು ಆರಾರು ಸೆಕೆಂಡಿಗೊಮ್ಮೆ ತಿಳಿಯುತ್ತದಾದರೂ, ಪೂರ್ಣ ಸಂದೇಶ ಮುಗಿಯಲು ಹನ್ನೆರಡೂವರೆ ನಿಮಿಷ ಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ಜಿಪಿಎಸ್ ಕಾಲಕ್ಕೆ ಅಧಿಕ ಸೆಕೆಂಡುಗಳಿಲ್ಲ. 1980ರ ಜನವರಿ 6ರಂದು ವಿಶ್ವಕಾಲದೊಡನೆ ಕೂಡಿ ಹೊರಟ ಅದು ಅಲ್ಲಿಂದಾಚೆಗೆ ತನ್ನಷ್ಟಕ್ಕೆ ನಡೆದಿದೆ. ವಿಶ್ವಕಾಲಕ್ಕಾದರೋ ಭೂಮಿಯ ಭ್ರಮಣದ ಜೊತೆ ಹೊಂದಿಸಲು ಆಗಾಗ ಒಂದೊಂದು ಸೆಕೆಂಡನ್ನು ಸೇರಿಸಿದ್ದಾರೆ. ಕಡೆಯ ಬಾರಿ ಸೇರಿಸಿದ್ದು 2016ರ ಕೊನೆಯ ದಿನದ ಅಂತ್ಯಕ್ಕೆ. ನಮ್ಮ ಗಡಿಯಾರದಲ್ಲಿ ಅದು 2017ರ ಜನವರಿ 1ರ ಬೆಳಗಿನ ಜಾವ 5 ಗಂಟೆ 29 ನಿಮಿಷ 60ನೆಯ ಸೆಕೆಂಡಾಗಿ ಸಂದಿತು. ಅಂದಿನಿಂದ ಜಿಪಿಎಸ್ ಕಾಲವು ವಿಶ್ವಕಾಲಕ್ಕಿಂತ 18 ಸೆಕೆಂಡು ಮುಂದಿದೆ. ಈ ಹದಿನೆಂಟೆಂಬ ಸಂಖ್ಯೆಯು ಹನ್ನೆರಡೂವರೆ ನಿಮಿಷಗಳಲ್ಲಿ ಒಮ್ಮೆ ಮಾತ್ರ ಬರುವ ಪುಟದಲ್ಲಿರುತ್ತದೆ. ಹೊಸದಾಗಿ ಚಾಲನೆಗೊಂಡ ಗ್ರಾಹಿಯನ್ನು ಬ್ಯಾಟರಿ ಉಳಿಸುವ ಆತುರದಲ್ಲಿ ಎರಡು ನಿಮಿಷಕ್ಕೇ ಆರಿಸಿಬಿಟ್ಟರೆ, ಅದು ತನ್ನ ತಯಾರಿಕೆಯ ಕಾಲದ ಹಳೆಯ ಸಂಖ್ಯೆಯನ್ನು ಹಿಡಿದು ಒಂದೆರಡು ಸೆಕೆಂಡು ತಪ್ಪಿದ ಹೊತ್ತನ್ನು ಪೂರ್ಣ ವಿಶ್ವಾಸದಿಂದ ಹೇಳುತ್ತದೆ. ಕೇಂದ್ರವನ್ನು ಮೊದಲು ಸ್ಥಾಪಿಸಿದಾಗ ಗ್ರಾಹಿಯನ್ನು ಕಡೆಯಪಕ್ಷ ಕಾಲು ಗಂಟೆ ಎಡೆಬಿಡದೆ ಕೇಳಲು ಬಿಡತಕ್ಕದ್ದು.

ವಾರಗಳ ಎಣಿಕೆಯಲ್ಲಿಯೂ ಒಂದು ತೊಡಕುಂಟು. ಮೂಲ ಸಂದೇಶದಲ್ಲಿ ವಾರದ ಸಂಖ್ಯೆಗೆ ಹತ್ತು ಬಿಟ್‌ಗಳಷ್ಟೇ ಸ್ಥಳವಿರುವುದರಿಂದ 1,024 ವಾರಗಳಿಗೊಮ್ಮೆ ಅದು ಸೊನ್ನೆಗೆ ಮರಳುತ್ತದೆ. ಹೀಗಾದದ್ದು 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ. ಎರಡನೆಯ ಸಲ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲವೇ ಸ್ತಬ್ಧವಾಯಿತು. ಮುಂದಿನ ಸರದಿ 2038ರ ನವೆಂಬರ್ 21. ಇಂದು ಕಂಬವೇರುತ್ತಿರುವ ಲಾಗರುಗಳಲ್ಲಿ ಕೆಲವಾದರೂ ಅಂದಿಗೆ ಬದುಕಿರುತ್ತವೆ.

ಇನ್ನು ಉಪಗ್ರಹಕ್ಕೆ ಸಂದೇಶ ಕಳುಹಿಸುವ ವಿಷಯ. ಇನ್ಸಾಟ್ ಸರಣಿಯ ಹವಾಮಾನ ಉಪಗ್ರಹಗಳು 82 ಮತ್ತು 74 ಡಿಗ್ರಿ ಪೂರ್ವ ರೇಖಾಂಶಗಳ ನೇರದಲ್ಲಿ ಸಮಭಾಜಕವೃತ್ತದ ಮೇಲೆ ನಿಂತಿವೆ; ಅವನ್ನು ಅಲ್ಲಿ ನಿಲ್ಲಿಸಿ ಕಾಯುವ ಪ್ರಧಾನ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿದೆ. ದೊಡ್ಡಬಳ್ಳಾಪುರದಿಂದ ನೋಡುವವನಿಗೆ ಅವು ದಿಗಂತದಿಂದ ಎಪ್ಪತ್ತಮೂರು ಡಿಗ್ರಿಗಿಂತ ಎತ್ತರದಲ್ಲಿ, ದಕ್ಷಿಣದ ನೆತ್ತಿಯಲ್ಲಿ ಇರುತ್ತವೆ. ಕೇಂದ್ರದ ಆಂಟೆನಾ ಆ ಕಡೆಗೆ ಮುಖ ಮಾಡಿರಬೇಕು. 402.75 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಮೇಲೇರಿದ ಸಂದೇಶಗಳನ್ನು ಉಪಗ್ರಹ ಕೆಳಕ್ಕೆ ಮರುಕಳಿಸುತ್ತದೆ, ಪುಣೆಯ ಭೂಕೇಂದ್ರ ಹಿಡಿದುಕೊಳ್ಳುತ್ತದೆ. ದೇಶದ ನೂರಾರು ಕೇಂದ್ರಗಳು ಇದೇ ಕಿರಿದಾದ ಮಾರ್ಗದಲ್ಲಿ ಗಂಟೆಗೊಮ್ಮೆ ಮಾತಾಡಬೇಕು. ಆರಂಭದ ವ್ಯವಸ್ಥೆಯಲ್ಲಿ ಪ್ರತಿ ಕೇಂದ್ರವೂ ಒಂದೇ ಸಂದೇಶವನ್ನು ಗೊತ್ತುಗುರಿಯಿಲ್ಲದ ಕ್ಷಣಗಳಲ್ಲಿ ಹಲವು ಬಾರಿ ಕಳುಹಿಸಿ, ಒಂದಾದರೂ ಇತರರ ಸಂದೇಶದೊಡನೆ ಢಿಕ್ಕಿಯಾಗದೆ ತಲುಪೀತೆಂದು ನೆಚ್ಚುತ್ತಿತ್ತು. ಕೇಂದ್ರಗಳು ಹೆಚ್ಚಿದ ಮೇಲೆ ಬಂದದ್ದು ಸರದಿಯ ಪದ್ಧತಿ. ಕೆರೆಯ ತೂಬಿನಿಂದ ಯಾವ ಗದ್ದೆಗೆ ಎಷ್ಟು ಗಳಿಗೆ ನೀರೆಂದು ನಮ್ಮ ಊರುಗಳ ನೀರಗಂಟಿ ಹೇಗೆ ಗೊತ್ತುಮಾಡುತ್ತಿದ್ದನೋ ಹಾಗೆಯೇ ಇಲ್ಲಿ ಪ್ರತಿ ಕೇಂದ್ರಕ್ಕೂ ಗಂಟೆಯೊಳಗೆ ತನ್ನದೇ ಆದ ಕೆಲವು ಕ್ಷಣಗಳು ನಿಗದಿಯಾಗಿರುತ್ತವೆ. ಆದರೆ ತಪ್ಪಿದವನನ್ನು ಕರೆದು ತಿದ್ದಲು ಇಲ್ಲಿ ನೀರಗಂಟಿಯಿಲ್ಲ. ಈ ಸಂಪರ್ಕ ಏಕಮುಖವಾದದ್ದು. ತನ್ನ ಸಂದೇಶ ತಲುಪಿತೆಂಬುದಾಗಲಿ, ಇನ್ನೊಂದರ ಸಂದೇಶವನ್ನು ತಾನು ಅಳಿಸಿದೆನೆಂಬುದಾಗಲಿ ಕೇಂದ್ರಕ್ಕೆ ತಿಳಿಯುವುದೇ ಇಲ್ಲ. ಗಡಿಯಾರ ಜಾರಿದ ಒಂದು ಲಾಗರ್ ತನ್ನ ಅಳತೆಯನ್ನು ಕಳೆದುಕೊಳ್ಳುವುದಲ್ಲದೆ ಸಾವಿರ ಕಿಲೋಮೀಟರ್ ಆಚೆಯ ನಿರಪರಾಧಿಯ ಅಳತೆಯನ್ನೂ ಹಾಳುಮಾಡುತ್ತದೆ. ಹೀಗಾಗಿ, ಇಷ್ಟು ಕಾಲದಿಂದ ಜಿಪಿಎಸ್ ಹೊತ್ತು ದೊರೆತಿಲ್ಲವೆಂದಾದರೆ ಪ್ರಸಾರವನ್ನೇ ನಿಲ್ಲಿಸುವಂತೆ ಲಾಗರಿಗೆ ಆಜ್ಞೆಯಿರುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಎಷ್ಟು ಹೊತ್ತಿಗೊಮ್ಮೆ ಗಡಿಯಾರವನ್ನು ತಿದ್ದಬೇಕೆಂಬುದಕ್ಕೆ ಊಹೆ ಬೇಕಿಲ್ಲ, ಗಣಿತ ಸಾಕು. ಸರದಿಯ ಅಂಚಿನಲ್ಲಿ ಅರ್ಧ ಸೆಕೆಂಡಿನ ಅವಕಾಶವಿದೆಯೆಂದು ತಿಳಿಯೋಣ. ಸ್ಫಟಿಕದ ಸಹಜ ದೋಷ ಮಾತ್ರವಿದ್ದರೆ ಅರ್ಧ ಸೆಕೆಂಡು ಜಾರಲು ಏಳು ಗಂಟೆ ಬೇಕು; ಬೇಸಗೆಯ ಮಧ್ಯಾಹ್ನದ ಶಾಖವೂ ಕೂಡಿದರೆ ಎರಡು ಗಂಟೆಯ ಮೇಲೆ ಹದಿನೈದು ನಿಮಿಷದೊಳಗೇ ಜಾರುತ್ತದೆ. ಆರು ಗಂಟೆಗೊಮ್ಮೆ ತಿದ್ದಿದರೆ ಸಾಕೆಂಬ ಹೊಂದಿಕೆ ಜನವರಿಯಲ್ಲಿ ನಡೆದೀತು, ಏಪ್ರಿಲಿನಲ್ಲಿ ಕೈಕೊಡುತ್ತದೆ. ಹಾಗೆಂದು ಗ್ರಾಹಿಯನ್ನು ಸದಾ ತೆರೆದಿಡುವುದೂ ಸಲ್ಲದು; 25 ಮಿಲಿಆಂಪಿಯರ್ ಎಳೆಯುವ ಗ್ರಾಹಿಯೊಂದು ಹಗಲಿರುಳೂ ನಡೆದರೆ ದಿನಕ್ಕೆ 600 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ನುಂಗುತ್ತದೆ, ಮೋಡ ಮುಚ್ಚಿದ ಜುಲೈ ತಿಂಗಳಲ್ಲಿ ಅದು ಸಣ್ಣ ಸೌರಫಲಕಕ್ಕೆ ಭಾರವಾಗುತ್ತದೆ. ಗಂಟೆಗೊಮ್ಮೆ, ಪ್ರಸಾರಕ್ಕೆ ಕೆಲವು ನಿಮಿಷ ಮುಂಚೆ, ಸ್ವಲ್ಪ ಹೊತ್ತು ಕೇಳಿ ಆರಿಸುವುದು ನಮ್ಮ ಹವೆಗೆ ತಕ್ಕ ಮಧ್ಯಮಮಾರ್ಗ.

ತಿದ್ದುವ ಕ್ಷಣವನ್ನೂ ವಿವೇಕದಿಂದ ಆರಿಸಬೇಕು. ಮುಂದೋಡಿದ ಗಡಿಯಾರವನ್ನು ಎಂಟೂವರೆಯಾದೊಡನೆ ಹಿಂದಕ್ಕೆ ಸರಿಸಿದರೆ, ಲಾಗರಿನ ಪಾಲಿಗೆ ಆ ದಿನ ಎಂಟೂವರೆ ಎರಡು ಸಲ ಬರುತ್ತದೆ, ಒಂದೇ ಹೆಸರಿನ ಎರಡು ದಾಖಲೆಗಳು ಹುಟ್ಟುತ್ತವೆ. ಹಿಂದೆ ಬಿದ್ದ ಗಡಿಯಾರವನ್ನು ಆ ಗಡಿಯನ್ನು ದಾಟಿಸಿ ಮುಂದಕ್ಕೆ ತಳ್ಳಿದರೆ ಎಂಟೂವರೆಯ ದಾಖಲೆಯೇ ಇಲ್ಲವಾಗಬಹುದು. ಹದಿನೈದು ನಿಮಿಷದ ಅವಧಿಯ ನಡುಮಧ್ಯದಲ್ಲಿ, ಏಳೆಂಟನೆಯ ನಿಮಿಷದಲ್ಲಿ, ತಿದ್ದುವಂತೆ ಹೊಂದಿಸಿದರೆ ಈ ಎರಡು ಅಪಾಯಗಳೂ ತಪ್ಪುತ್ತವೆ. ಪ್ರತಿ ಬಾರಿ ಎಷ್ಟು ತಿದ್ದಲಾಯಿತೆಂಬುದನ್ನು ಮಳೆಯ ಅಂಕಿಯ ಜೊತೆಯಲ್ಲಿಯೇ ದಾಖಲಿಸಬೇಕು. ಆ ಅಂಕಿ ದಿನದಿನಕ್ಕೆ ಬೆಳೆಯುತ್ತಿದ್ದರೆ ಸ್ಫಟಿಕ ಕೆಡುತ್ತಿದೆಯೆಂದು ಅರ್ಥ. ವಾರಗಟ್ಟಲೆ ಸೊನ್ನೆಯಾಗಿಯೇ ಇದ್ದರೆ ಗಡಿಯಾರ ಅಷ್ಟು ಚೆನ್ನಾಗಿದೆಯೆಂದು ಹಿಗ್ಗಬಾರದು, ಗ್ರಾಹಿ ಸತ್ತಿರಬಹುದು. 8:30 ಎಂಬ ಶೀರ್ಷಿಕೆ ಆ ಕಾಲು ಗಂಟೆಯ ಆರಂಭವೋ ಅಂತ್ಯವೋ ಎಂಬುದನ್ನೂ ಗೊತ್ತುಮಾಡದಿದ್ದರೆ ಎಲ್ಲ ಶ್ರಮದ ಕೊನೆಗೆ ಹದಿನೈದು ನಿಮಿಷದ ದೋಷ ಉಳಿದೇ ಇರುತ್ತದೆ.

ಮಳೆಗೆ ಸೆಕೆಂಡಿನ ಲೆಕ್ಕ ಅತಿಯೆಂದು ಯಾರಾದರೂ ಹೇಳಿಯಾರು. ಭೂಕಂಪಕ್ಕೆ ಅದು ಅತಿಯಲ್ಲ. ದೊಡ್ಡಬಳ್ಳಾಪುರದ ಉತ್ತರಕ್ಕೆ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1965ರಲ್ಲಿ ಸ್ಥಾಪಿಸಿದ ಭೂಕಂಪಮಾಪಕಗಳ ವ್ಯೂಹದಲ್ಲಿ ಇಪ್ಪತ್ತು ಮಾಪಕಗಳು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಹರಡಿಕೊಂಡಿದ್ದು, ಅವುಗಳ ಸಂಕೇತಗಳೆಲ್ಲ ಒಂದೇ ಕೇಂದ್ರಕ್ಕೆ ಹರಿದು ಒಂದೇ ಗಡಿಯಾರದ ಮುಂದೆ ದಾಖಲಾಗುತ್ತಿದ್ದವು. ಅಲೆ ಯಾವ ಮಾಪಕವನ್ನು ಮೊದಲು ಮುಟ್ಟಿತೆಂಬ ಅತ್ಯಲ್ಪ ಅಂತರದಿಂದಲೇ ಅದು ಬಂದ ದಿಕ್ಕು ತಿಳಿಯುತ್ತಿತ್ತು. ಇಂದು ಅಣೆಕಟ್ಟುಗಳ ಸಮೀಪ ನಿಂತು ಉಪಗ್ರಹದ ಮೂಲಕ ಯಲಹಂಕಕ್ಕೆ ಸುದ್ದಿ ಕಳುಹಿಸುವ ಭೂಕಂಪ ಕೇಂದ್ರಗಳು ನೂರಾರು ಕಿಲೋಮೀಟರ್ ದೂರದೂರಕ್ಕಿವೆ. ಅವನ್ನೆಲ್ಲ ಒಂದು ಗಡಿಯಾರದ ಬಳಿಗೆ ತರಲಾಗದು, ಒಂದೇ ಕಾಲವನ್ನು ಅವೆಲ್ಲವುಗಳ ಬಳಿಗೆ ಒಯ್ಯಬೇಕು. ಮೊದಲ ಅಲೆ ನಮ್ಮ ಗಟ್ಟಿನೆಲದಲ್ಲಿ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ಓಡುವುದರಿಂದ, ಒಂದು ಸೆಕೆಂಡಿನ ತಪ್ಪು ಕಂಪನದ ಕೇಂದ್ರವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸರಿಸಿಬಿಡುತ್ತದೆ. 2021ರ ಡಿಸೆಂಬರ್ 22ರ ಬೆಳಿಗ್ಗೆ ನೆರೆಯ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಸಣ್ಣ ಕಂಪನಗಳಾಗಿ ಜನ ಮನೆಬಿಟ್ಟು ಬೀದಿಗೆ ಬಂದಾಗ, ಯಾವ ಹಳ್ಳಿಯ ಕೆಳಗೆ ನೆಲ ಸರಿಯಿತೆಂಬ ಅವರ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಇಂಥ ಗಡಿಯಾರಗಳೇ.

ಈ ಕಾಲವನ್ನು ನಾವು ಇಂದಿಗೂ ಬಹುಮಟ್ಟಿಗೆ ಅನ್ಯದೇಶದ ಉಪಗ್ರಹಗಳಿಂದ ಪಡೆಯುತ್ತಿದ್ದೇವೆ. ಹಾಗಾಗಬೇಕಾದದ್ದಿಲ್ಲ. ಬೆಂಗಳೂರಿನ ಪಶ್ಚಿಮಕ್ಕಿರುವ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ ಪಥದರ್ಶನ ಕೇಂದ್ರವು 2013ರಿಂದ ಇದೆ. ಜಿಪಿಎಸ್ಸಿನಂತೆಯೇ ದಾರಿ ತೋರುವ ನಮ್ಮದೇ ನಾವಿಕ್ ವ್ಯವಸ್ಥೆಯ ಕಾಲವನ್ನು ಪರಮಾಣು ಗಡಿಯಾರಗಳ ಮೂಲಕ ಅಲ್ಲಿ ಕಾಯ್ದುಕೊಳ್ಳುತ್ತಾರೆ. ಮೊದಲ ಸರಣಿಯ ಕೆಲವು ಉಪಗ್ರಹಗಳಲ್ಲಿ ವಿದೇಶದಿಂದ ತಂದ ರುಬಿಡಿಯಂ ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಏರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಸ್ವದೇಶದಲ್ಲಿಯೇ ನಿರ್ಮಿಸಿದ ರುಬಿಡಿಯಂ ಗಡಿಯಾರವಿದೆ, ಸಾಮಾನ್ಯ ಗ್ರಾಹಿಗಳಿಗೆ ಒಗ್ಗುವ ಎಲ್1 ತರಂಗವೂ ಇದೆ. ಸ್ಥಾನನಿರ್ಣಯಕ್ಕೆ ನಾಲ್ಕು ಉಪಗ್ರಹಗಳು ಬೇಕಾದರೂ ನಿಂತಲ್ಲೇ ನಿಂತ ಮಳೆಮಾಪಕದ ಹೊತ್ತಿಗೆ ಒಂದು ಸಾಕೆಂಬುದನ್ನು ಆಗಲೇ ಕಂಡೆವು. ಮತ್ತು ನಾವಿಕ್ ಉಪಗ್ರಹಗಳು ನಮ್ಮ ಆಕಾಶವನ್ನು ಬಿಟ್ಟು ದೂರ ಹೋಗುವಂಥವಲ್ಲ. ಮಳೆ ಅಳೆಯುವ ಕೇಂದ್ರಗಳಿಗೆ ಜಿಪಿಎಸ್ಸಿನ ಜೊತೆಗೆ ನಾವಿಕನ್ನೂ ಕೇಳಬಲ್ಲ ಗ್ರಾಹಿಗಳನ್ನೇ ಕೊಳ್ಳುವುದು ಮೇಲು.

ಇಂಥ ಕೇಂದ್ರಗಳನ್ನು ಸ್ಥಾಪಿಸುವ ತರುಣರಲ್ಲಿ ನನ್ನದೊಂದು ಬಿನ್ನಹ. ಕೆಲಸ ಮುಗಿಸಿ ಪೆಟ್ಟಿಗೆಗೆ ಬೀಗ ಹಾಕುವ ಮುನ್ನ, ಅದರ ಒಳಬಾಗಿಲಿಗೆ ಒಂದು ಕಾಗದವನ್ನು ಅಂಟಿಸಿ, ಗಡಿಯಾರ ವಿಶ್ವಕಾಲದಲ್ಲಿದೆಯೋ ಭಾರತೀಯ ಕಾಲಮಾನದಲ್ಲಿದೆಯೋ, ಎಷ್ಟು ಹೊತ್ತಿಗೊಮ್ಮೆ ತಿದ್ದಿಕೊಳ್ಳುತ್ತದೆ, ಶೀರ್ಷಿಕೆಯ ಹೊತ್ತು ಅವಧಿಯ ಆರಂಭವೋ ಅಂತ್ಯವೋ, ಪ್ರಸಾರದ ಸರದಿ ಯಾವುದು ಎಂಬುದನ್ನು ಕನ್ನಡದಲ್ಲಿ ಬರೆದಿಡಿ. ಹತ್ತು ವರ್ಷದ ಮೇಲೆ ಆ ಬಾಗಿಲನ್ನು ತೆರೆಯುವವನು ನೀವಾಗಿರುವುದಿಲ್ಲ.